ಸ್ಕ್ರೂಡ್ರೈವರ್‌ನಿಂದ ಸಂಗೀತ ಕೇಳಿದವರು

ಮೆಕ್ಯಾನಿಕ್ ಗೌಸ್ ಭಾಯ್ ಉದ್ದನೆಯ ಸ್ಕ್ರೂಡ್ರೈವರ್‌ನ ತುದಿಯನ್ನು ನನ್ನ ಮೊಬೈಲಿಗೆ ಆನಿಸಿ, ಹಿಡಿಯನ್ನು ಕಿವಿಗೆ ಒತ್ತಿಕೊಂಡು ಕಣ್ಣು ಮುಚ್ಚಿದರು. ಚಳ್ಳಕೆರೆಯ ಎಣ್ಣೆ ಮಿಲ್ಲುಗಳ ಯಂತ್ರಗಳಿಗೆ ಏನು ಕಾಯಿಲೆ ಎಂದು ಅವರು ಪತ್ತೆ ಹಚ್ಚುವುದೂ ಹೀಗೆಯೇ.

ಮೊಳಕಾಲ್ಮೂರಿಗೆ ಹೊರಟಿದ್ದ ನಾನು ಬೈಕ್ ಕೆಟ್ಟು ಅವರ ಶೆಡ್ಡಿಗೆ ಬಂದಿದ್ದೆ. ಬಂದವನು ಸುಮ್ಮನಿರಲಾರದೆ, ನಾನೇ ಆರಿಸಿ ಜೋಡಿಸಿದ ಹತ್ತು ಪ್ರಯೋಗಶೀಲ ಸಂಗೀತದ ತುಣುಕುಗಳನ್ನು ಕೇಳಲೇಬೇಕೆಂದು ಶಿಫಾರಸು ಮಾಡಿದೆ. ಹಾಡಿಲ್ಲ, ತಾಳವಿಲ್ಲ, ಬರೀ ಗುಂಯ್ ಎನ್ನುವ ನಾದ. ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ ಅದನ್ನು ಒಂದು ನಿಮಿಷಕ್ಕಿಂತ ಹೆಚ್ಚು ಸಹಿಸಿದವರಿಲ್ಲ.

ಗೌಸ್ ಭಾಯ್ ಮುಕ್ಕಾಲು ಗಂಟೆ ಅಲುಗಾಡಲಿಲ್ಲ. ಆಮೇಲೆ ಒಂದೊಂದಕ್ಕೂ ತೀರ್ಪು ಕೊಡತೊಡಗಿದರು.

"ಮೊದಲನೇದು ಬೇರಿಂಗ್ ಹೋಗೈತೆ. ಮೂರನೇದ್ರಲ್ಲಿ ಬೆಲ್ಟ್ ಸಡ್ಲ ಆಗೈತೆ. ಆರನೇದನ್ನ ಆಯಿಲ್ ಇಲ್ದೆ ಓಡ್ಸಿದಾರೆ, ಪಾಪ."

ಹತ್ತನೆಯದು ನಾನೇ ಮಾಡಿದ್ದು. ಅದನ್ನು ಅವರಿಗೆ ಹೇಳಿರಲಿಲ್ಲ. ಪರೀಕ್ಷೆ ಬರೆದ ಹುಡುಗ ಅಂಕ ಕೇಳುವಂತೆ "ಕೊನೇದು?" ಎಂದೆ.

ಅವರು ಅದನ್ನು ಇನ್ನೊಮ್ಮೆ ಹಾಕಿಸಿ, ಮತ್ತೆ ಸ್ಕ್ರೂಡ್ರೈವರ್ ಆನಿಸಿ ಪೂರ್ತಿ ಕೇಳಿದರು.

"ಇದ್ರಲ್ಲಿ ಏನೂ ಕೆಟ್ಟಿಲ್ಲ ಮೇಷ್ಟ್ರೇ. ಆದ್ರೆ ಇದು ಯಾತಕ್ಕೆ ಓಡ್ತಾ ಐತೆ?"

ನನ್ನ ಸಂಗೀತವನ್ನು ಕೊನೆಯವರೆಗೆ, ಅದೂ ಎರಡು ಸಲ ಕೇಳಿದ ಮನುಷ್ಯ ಈ ತಾಲ್ಲೂಕಿನಲ್ಲಿ ಅವರೊಬ್ಬರೇ. ಈಗ ಹೊಸದೊಂದನ್ನು ಮಾಡಿಟ್ಟುಕೊಂಡು, ಬೈಕ್ ಯಾವಾಗ ಕೆಡುತ್ತದೋ ಎಂದು ಕಾಯುತ್ತಿದ್ದೇನೆ.