ರಾಜಮತಿಯ ಕುಂಟು ಕೋಳಿಗಳು

ಹುನ್ನೂರಿನ ಜೈನರ ಓಣಿಯ ರಾಜಮತಿ ಮೊಟ್ಟೆಯನ್ನೂ ಮುಟ್ಟದವಳು, ಆದರೆ ನಾಯಿ ಕಚ್ಚಿದ, ಚಕ್ಕಡಿಗೆ ಸಿಕ್ಕ ಕೋಳಿಗಳೆಲ್ಲ ಅವಳ ಹಿತ್ತಲಿಗೇ ಬರುತ್ತಿದ್ದವು. ಸಂಸ್ಥಾನದ ಕುದುರೆ ವೈದ್ಯನಿಗೂ ಅಷ್ಟು ರೋಗಿಗಳಿರಲಿಲ್ಲ. ಮುರಿದ ಕಾಲಿಗೆ ಅರಿಷಿಣ ಎಣ್ಣೆ ಹಚ್ಚಿ, ಜೋಳದ ದಂಟಿನ ಸೀಳು ಇಟ್ಟು ನೂಲು ಸುತ್ತುತ್ತ, "ಬಾಯಿ ಮುಚ್ಚ ಬೇ, ಹಡಿಯಾಕಿಗಿಂತ ಜೋರ ಒದರಾಕತ್ತಿ" ಎಂದು ಕೋಳಿಯನ್ನೇ ಗದರುವಳು. ಹೊತ್ತು ಮುಳುಗುವ ಮೊದಲೇ ಉಂಡು ಮಲಗುವ ಕೋಳಿಗಳೂ ಜೈನರೇ ಎಂಬುದು ಅವಳ ವಾದ. ಅವಳಿಗೆ ಇದ್ದದ್ದು ಒಂದೇ ಚಿಂತೆ: ವಾಸಿಯಾದ ಕೋಳಿ ಒಡೆಯನ ಮನೆಗೆ ಹೋಗಿ ಗಡಿಗೆಯಲ್ಲಿ ಬೇಯುತ್ತಿತ್ತು. ಸುಳ್ಳು ಹೇಳುವುದಿಲ್ಲವೆಂದು ವ್ರತ ಹಿಡಿದವಳಾದ್ದರಿಂದ ಕಾಲು ಕೂಡಿದ ಮೇಲೂ ಕಟ್ಟು ತೆಗೆದುಹಾಕದೆ, ಕೇಳಬಂದವರಿಗೆ "ಇನ್ನೂ ಕಟ್ಟ ಐತಿ, ನೀನ ನೋಡಪಾ" ಎನ್ನುವಳು. ಒಂದು ದಿನ ಬೇಟೆ ನಾಯಿ ಸಾಕಿದ ಲಗಮಣ್ಣ, ಮನೆಗೆ ಅಳಿಯ ಬಂದಿದ್ದಾನೆಂದು ತನ್ನ ಕೋಳಿ ಒಯ್ಯಲು ಬಂದ. ಅದು ಕಟ್ಟಿನ ಸಮೇತ ಗೋಡೆಯ ಮೇಲೆ ಹಾರಿ ಕೂತಿತ್ತು. "ಅಕ್ಕಾರ, ಮುರದದ್ದು ಎಡಗಾಲರಿ. ಕಟ್ಟ ಬಲಗಾಲಿಗೆ ಐತಲ್ಲರಿ!" ಎಂದ. ಸವೆದ ನೂಲು ಬದಲಿಸುವಾಗ ಅವಳಿಗೆ ಕಾಲು ಅದಲುಬದಲಾಗಿತ್ತು. ರಾಜಮತಿ ಗೋಡೆಗೆ ಬೆನ್ನು ಕೊಟ್ಟು ಕೋಳಿಗೆ ಅಡ್ಡ ನಿಂತಳು. ಲಗಮಣ್ಣ ಅದನ್ನು ನೋಡಿ ಮೀಸೆಯಲ್ಲೇ ನಕ್ಕ. "ಎರಡೂ ಕಾಲ ಹೋಗ್ಯಾವಂದ್ರ ಪಾಪ, ಇಲ್ಲೇ ಇರ್ಲಿ ಬಿಡ್ರಿ. ಅಳಿಯಗ ಬದನಿಕಾಯಿ ಎಣಗಾಯಿ ಮಾಡಸ್ತೇನಿ" ಎಂದು ಬರಿಗೈಯಲ್ಲಿ ನಡೆದ.