ಚಾಚಾಗೆ ಹೇಳಿದ ಅರ್ಧ ಪಾಠ

ಕಳೆದ ವಾರ ಹರಿಹರದ ಬಸ್ ಸ್ಟ್ಯಾಂಡಿನ ಹತ್ತಿರ ಯಾರೋ ಬೆಟ್ಟದ ನೆಲ್ಲಿಕಾಯಿ ಜಜ್ಜಿ ರಸ ಹಿಂಡುತ್ತಿದ್ದರು. ಆ ಒಗರು ವಾಸನೆ ಮೂಗಿಗೆ ಬಡಿದದ್ದೇ ತಡ, ನಮ್ಮ ಪಕ್ಕದ ಮನೆಯ ಚಾಚಾ ನೆನಪಾದರು. ಕೊಂಡು ಕುಡಿಯುವ ಮನಸ್ಸಾಗಲಿಲ್ಲ...

ಚಾಚಾ ಮನೆಯ ಮುಂದಿನ ಶೆಡ್ಡಿನಲ್ಲಿ ಒಂದು ಲೇತ್ ಮಷೀನು ಇಟ್ಟುಕೊಂಡಿದ್ದರು. ಗುತ್ತೂರು ಕಡೆಯ ಕಾರ್ಖಾನೆಗಳಿಗೆ, ಮಲೆಬೆನ್ನೂರಿನ ಟ್ರ್ಯಾಕ್ಟರುಗಳಿಗೆ ಬೇಕಾದ ಸಣ್ಣಪುಟ್ಟ ಭಾಗಗಳನ್ನು ಕಡೆದು ಕೊಡುತ್ತಿದ್ದರು. ಸಕ್ಕರೆ ಕಾಯಿಲೆ ಬಂದು ಹತ್ತು ವರ್ಷ ದಾಟಿತ್ತು. ನಾನು ಆಗ ದಾವಣಗೆರೆಗೆ ಓಡಾಡಿಕೊಂಡು ಬಯೋಕೆಮಿಸ್ಟ್ರಿ ಎಂ.ಎಸ್ಸಿ. ಓದುತ್ತಿದ್ದೆ. ಸಕ್ಕರೆ ಕಾಯಿಲೆಯವರ ರಕ್ತ ಪರೀಕ್ಷಿಸುವುದು ನನ್ನ ಪ್ರಾಜೆಕ್ಟು. ರಕ್ತ ಕೊಡುವವರಿಗಾಗಿ ಹುಡುಕುತ್ತಿದ್ದಾಗ ತಾವಾಗಿಯೇ ತೋಳು ಏರಿಸಿಕೊಂಡು ಬಂದವರು ಚಾಚಾ.

"ಏನ್ ನೋಡ್ತಿ ಬೇಟಿ ಇದ್ರಾಗ?" ಎಂದು ಕೇಳಿದರು.

ನಾನು ಅಳೆಯುತ್ತಿದ್ದದ್ದು ಆಕ್ಸಿಡೇಟಿವ್ ಸ್ಟ್ರೆಸ್; ಹಾಗೆಂದರೆ ಇವರಿಗೇನು ತಿಳಿದೀತು ಎಂಬ ಜಂಬ ನನಗೆ. ಅಲ್ಪವಿದ್ಯಾ ಮಹಾಗರ್ವಿ ಅನ್ನುತ್ತಾರಲ್ಲ, ಹಾಗಿದ್ದೆ. ರಕ್ತದಲ್ಲಿ ಸಕ್ಕರೆ ಏರಿಯೇ ಇದ್ದರೆ ಒಳಗೆ ಒಂಥರಾ ತುಕ್ಕು ಹಿಡಿಯುತ್ತದೆ, ಅದನ್ನು ತಡೆಯುವ ಶಕ್ತಿ ದೇಹಕ್ಕೇ ಇದೆ, ಈ ಕಾಯಿಲೆಯಲ್ಲಿ ಅದು ಸೋಲುತ್ತ ಹೋಗುತ್ತದೆ, ಅದಕ್ಕೆ ನೆಲ್ಲಿಕಾಯಿಯಂಥದ್ದು ಒಳ್ಳೆಯದು ಎಂದೆ.

ಚಾಚಾ ಜೋರಾಗಿ ನಕ್ಕರು. "ತುಕ್ಕಿಂದು ನಂಗ ಹೇಳ್ಕೊಡ್ತೀಯಾ?"

ನಿಜವೇ. ದಿನಾ ಶೆಡ್ ಮುಚ್ಚುವ ಮುಂಚೆ ಲೇತಿಗೆ ಎಣ್ಣೆ ಸವರಿಯೇ ಒಳಗೆ ಹೋಗುತ್ತಿದ್ದ ಮನುಷ್ಯ ಅವರು. ಮರುದಿನದಿಂದಲೇ ಬೆಳಗ್ಗೆ ಒಂದು ಲೋಟ ನೆಲ್ಲಿಕಾಯಿ ರಸ ಶುರುವಾಯಿತು. ಕುಡಿದ ಮೇಲೆ ಕಾಂಪೌಂಡಿನ ಆಚೆಯಿಂದ ಖಾಲಿ ಲೋಟ ಎತ್ತಿ ನನಗೆ ತೋರಿಸುತ್ತಿದ್ದರು. ಓದಿದ್ದು ಸಾರ್ಥಕವಾಯಿತು ಎಂದು ನಾನು ಬೀಗಿದೆ.

ರಸ ಶುರು ಮಾಡಿದ ದಿನವೇ ಅವರು ಸಕ್ಕರೆ ಕಾಯಿಲೆಯ ಮಾತ್ರೆ ಬಿಟ್ಟಿದ್ದರು. ಅದು ನನಗೆ ತಿಳಿದದ್ದು ಐದಾರು ತಿಂಗಳ ಮೇಲೆ, ದಾವಣಗೆರೆಯ ಒಂದು ಆಸ್ಪತ್ರೆಯ ವಾರ್ಡಿನಲ್ಲಿ. ಶೆಡ್ಡಿನ ನೆಲದಲ್ಲಿ ಬಿದ್ದಿದ್ದ ಕಬ್ಬಿಣದ ಚೂರೊಂದು ಸವೆದ ಚಪ್ಪಲಿ ತೂರಿ ಅವರ ಅಂಗಾಲಿಗೆ ಹೊಕ್ಕಿತ್ತು. ಕಾಯಿಲೆಯಿಂದ ಜೋಮು ಹಿಡಿದ ಪಾದಕ್ಕೆ ನೋವೇ ಗೊತ್ತಾಗಿರಲಿಲ್ಲ. ಕೀವಾಗಿ, ಕಪ್ಪಾಗಿ, ಕೊನೆಗೆ ಮೊಣಕಾಲಿನ ಕೆಳಗೆ ಕತ್ತರಿಸಬೇಕಾಯಿತು.

"ಗುಳಿಗಿ ಯಾಕ ಬಿಟ್ರಿ ಚಾಚಾ?" ಅಳುತ್ತಲೇ ಕೇಳಿದೆ.

"ಎಣ್ಣಿ ಹಚ್ಚಿದ್ ಮಷೀನಿಗೆ ತುಕ್ಕು ಹಿಡಿಯಲ್ಲ. ರಸ ಕುಡಿಯಾಕ್ ಹತ್ತೀನಿ, ಮತ್ತ ಗುಳಿಗಿ ಯಾಕ ಅನ್ಕೊಂಡೆ..." ನನ್ನ ತಲೆ ಸವರಿ ಹೇಳಿದರು, "ಅಳಬ್ಯಾಡ. ನೀ ಅರ್ಧ ಹೇಳಿದ್ದಿ, ಇನ್ನರ್ಧ ನಾ ಕೇಳ್ಲಿಲ್ಲ. ಇಬ್ರುದೂ ಸಮ ಆತು."

ಚಾಚಾ ತೀರಿಕೊಂಡು ನಾಲ್ಕು ವರ್ಷವಾಯಿತು. ನಾನೀಗ ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ರಕ್ತ ಪರೀಕ್ಷೆಗೆ ಬಂದ ಸಕ್ಕರೆ ಕಾಯಿಲೆಯವರು ಏನು ತಿಂದರೆ ಒಳ್ಳೆಯದು ಎಂದು ಕೇಳಿದರೆ, ಮಾತ್ರೆ ನಿಲ್ಲಿಸಬೇಡಿ ಎಂದು ಮೊದಲು ಹೇಳಿ, ಅದನ್ನು ಅವರ ಬಾಯಿಂದಲೂ ಹೇಳಿಸಿ, ಆಮೇಲೆ ಉಳಿದ ಮಾತು. ಕೆಲವರು ಬೇಸರಪಟ್ಟುಕೊಳ್ಳುತ್ತಾರೆ.

ತಪ್ಪನ್ನು ಸಮ ಪಾಲು ಮಾಡಿ ನನ್ನ ಭಾರ ಇಳಿಸಿದ ದೊಡ್ಡ ಮನಸ್ಸು ಚಾಚಾದು. ಆದರೆ ಕಾಲು ಹೋದದ್ದು ಅವರೊಬ್ಬರದೇ.