ಎದ್ದು ಹೋದವರ ಸಿನಿಮಾ

ಅಕ್ಕನ ಮಗ ಅಂಗಡಿಗೆ ಬಂದರೆ ನಮ್ಮಲ್ಲಿ ಸೋದರಮಾವನಾದವನು ಬಾಯಿ ಮುಚ್ಚಿಕೊಂಡು ಪಕ್ಕಕ್ಕೆ ಸರಿಯಬೇಕು. ಅವನು ಏನು ಎತ್ತಿಕೊಂಡು ಹೋದರೂ ಕೇಳುವ ಹಾಗಿಲ್ಲ, ಅದು ಅವನ ಹಕ್ಕು. ಬೇರೆ ಮಾವಂದಿರಿಗೆ ಇದರಿಂದ ವರ್ಷಕ್ಕೊಂದು ಹಂದಿಯೋ ಚಾಪೆಯೋ ಕೈಬಿಟ್ಟು ಹೋಗಬಹುದು, ಅಷ್ಟೆ. ನಾನೋ, ನಮ್ಮ ದ್ವೀಪಗಳ ರಾಜಧಾನಿ ನುಕುಅಲೋಫಾದ ಹಡಗುಕಟ್ಟೆ ರಸ್ತೆಯಲ್ಲಿ ಸಿನಿಮಾ ಸೀಡಿಗಳನ್ನು ಬಾಡಿಗೆಗೆ ಕೊಡುವವನು. ನನ್ನ ಅಕ್ಕ ಸೇನಿಯ ಮಗನೋ, ಮಹಾ ಸಿನಿಮಾ ಹುಚ್ಚ. ನನ್ನ ಗತಿ ಏನಾಗಿರಬೇಕು ನೀವೇ ಲೆಕ್ಕ ಹಾಕಿ.

ಅವನ ಹೆಸರು ಲಿಸಿಯಾತೆ. ಹಡಗುಕಟ್ಟೆಯಲ್ಲಿ ಹಗ್ಗ ಕಟ್ಟುವ ಕೆಲಸ. ಹೊರದ್ವೀಪಗಳ ಹಡಗು ದಡಕ್ಕೆ ಬಂದಾಗ ಮೇಲಿನಿಂದ ಎಸೆದ ಹಗ್ಗವನ್ನು ಹಿಡಿದು ಗೂಟಕ್ಕೆ ಸುತ್ತುವುದು, ಹೊರಡುವಾಗ ಬಿಚ್ಚುವುದು. ಬಾಗಿಲಲ್ಲಿ ನಿಂತರೆ ಅಂಗಡಿಯೊಳಗೆ ಬೆಳಕು ಬರದಂಥ ಆಳು. ಆದರೆ ಕೈಗೊಂದು ಕಾಮಿಕ್ಸ್ ಪುಟ ಸಿಕ್ಕಿದರೆ ಅವನ ಮುಖ ನೋಡಬೇಕು, ಆಗ ತಾನೇ ಹಾಲುಹಲ್ಲು ಬಿದ್ದವನ ಮುಖ.

ಪುಟ ಅಂದೆ, ಪುಸ್ತಕ ಅನ್ನಲಿಲ್ಲ. ಆಕ್ಲೆಂಡಿನಿಂದ, ಸಿಡ್ನಿಯಿಂದ ನೆಂಟರು ಕಳಿಸುವ ನೀಲಿ ಡ್ರಮ್ಮುಗಳಲ್ಲಿ ಮಾಂಸದ ಡಬ್ಬಿಗಳು ಒಂದಕ್ಕೊಂದು ಬಡಿಯದಿರಲಿ ಎಂದು ಹಳೇ ಕಾಗದ ಮುದ್ದೆ ಮಾಡಿ ತುರುಕಿರುತ್ತಾರಲ್ಲ, ಅದರಲ್ಲಿ ಕಾಮಿಕ್ಸ್ ಹಾಳೆಗಳೂ ಬರುತ್ತಿದ್ದವು. ಮನೆಯವರೆಲ್ಲ ಡಬ್ಬಿಗೆ ಮುತ್ತಿಕೊಂಡರೆ ಇವನು ಕಾಗದಕ್ಕೆ. ಅಮ್ಮನ ಇಸ್ತ್ರಿಪೆಟ್ಟಿಗೆಯಲ್ಲಿ ಉಜ್ಜಿ ನೇರ ಮಾಡಿ ನನ್ನ ಅಂಗಡಿಯ ಗೋಡೆಗೆ ಅಂಟಿಸುತ್ತಿದ್ದ. ನಡುವಿನ ಪುಟ ಇಲ್ಲದಿದ್ದರೆ ರಟ್ಟಿನ ಮೇಲೆ ತಾನೇ ಬರೆದು ಸೇರಿಸುತ್ತಿದ್ದ.

“ಮಾವ, ಇವ್ನು ಮೂವತ್ತನೇ ಮಹಡಿಯಿಂದ ಬಿದ್ದ ಅಂತಿಟ್ಕೋ. ಕೆಳಗೆ ಏನಿರತ್ತೆ ಹೇಳು?”

“ನೆಲ.”

“ಥೂ ನಿನ್ನ! ನೆಲ ಎಲ್ರಿಗೂ ಇರತ್ತೆ ಮಾವ! ಕೆಳಗೆ ಒಂದು ಮದುವೆ ನಡೀತಿರತ್ತೆ. ಇವ್ನು ಬೀಳೋದು ಸೀದಾ ಮದುಮಗನ ಮೇಲೆ. ಆಮೇಲೆ?”

ಆಮೇಲೆ ಏನು ಎಂದು ನಾನು ಕೇಳಲೇಬೇಕು, ಕೇಳದಿದ್ದರೆ ಬಿಡುವವನಲ್ಲ. ಟೀವಿಯೂ ಅಷ್ಟೆ. ಸಂಜೆಯ ಧಾರಾವಾಹಿಯ ನಡುವೆ ಕರೆಂಟು ಹೋದರೆ ಉಳಿದ ಕಥೆಯನ್ನು ಕತ್ತಲಲ್ಲೇ ಕೈಬಾಯಿ ಆಡಿಸಿ ಹೇಳಿ ಮುಗಿಸುತ್ತಿದ್ದ. ಮರುದಿನ ಹುಡುಗರು ಬಂದು ನನ್ನ ಮೇಲೆ ರೇಗುತ್ತಿದ್ದರು: “ಟೀವಿಯಲ್ಲಿ ಬೇರೇನೇ ಆಯ್ತು. ನಿನ್ನ ಅಳಿಯ ಹೇಳಿದ್ದೇ ಚೆನ್ನಾಗಿತ್ತು. ಅದನ್ನ ಯಾಕೆ ತೋರಿಸಲ್ಲ ಅವ್ರು?” ಟೀವಿಯವರು ನನ್ನ ಷಡ್ಡಕರೇ ಏನೋ ಅನ್ನುವ ಹಾಗೆ.

ಇಷ್ಟೆಲ್ಲ ನನ್ನ ಅಂಗಡಿಯಲ್ಲೇ ನಡೆಯಬೇಕಾಗಿದ್ದಕ್ಕೆ ಕಾರಣ, ಅವನ ಮನೆಯಲ್ಲಿ ತಂಗಿ ಮೆಲೆನಾಯಿತೆ ಇದ್ದದ್ದು. ಅಣ್ಣ ತಂಗಿ ಒಂದೇ ಕೋಣೆಯಲ್ಲಿ ಕೂತು ಸಿನಿಮಾ ನೋಡುವುದುಂಟೇ? ಯಾವ ಗಳಿಗೆಯಲ್ಲಿ ಪರದೆಯ ಮೇಲೆ ಯಾರು ಯಾರ ಕೈ ಹಿಡಿಯುತ್ತಾರೋ! ಪ್ರೀತಿ ಪ್ರೇಮದ ಮಾತು ಬಂತೋ, ಇಬ್ಬರಲ್ಲಿ ಒಬ್ಬರು ಸದ್ದಿಲ್ಲದೆ ಎದ್ದು ಹೋಗಬೇಕು. ಅದು ಒಬ್ಬರಿಗೊಬ್ಬರು ಕೊಡುವ ಮರ್ಯಾದೆ. ಅಂಥ ಕಥೆಯ ಬಗ್ಗೆ ಇಬ್ಬರೂ ನೇರ ಮಾತಾಡುವ ಹಾಗೂ ಇಲ್ಲ, ನಡುವೆ ಮೂರನೆಯವರು ಬೇಕು. ನಮ್ಮಲ್ಲಿ ತಂಗಿಯೆಂದರೆ ಒಡಹುಟ್ಟಿದವಳು ಮಾತ್ರವಲ್ಲ. ಚಿಕ್ಕಪ್ಪನ ಮಗಳು, ಅತ್ತೆಯ ಮಗಳು, ಅಜ್ಜಿಯ ತಂಗಿಯ ಮೊಮ್ಮಗಳು, ಎಲ್ಲರೂ ತಂಗಿಯರೇ. ಹಾಗಾಗಿ ಲಿಸಿಯಾತೆ ತನ್ನ ಜನ್ಮದಲ್ಲಿ ಒಂದೇ ಒಂದು ಸಿನಿಮಾವನ್ನೂ ತಂಗಿಯ ಜೊತೆ ನೋಡಿದವನಲ್ಲ.

ನೋಡಿದ್ದು ಸಾಲದೆ ಬರೆಯಲು ಶುರು ಮಾಡಿದ. ಆಕ್ಲೆಂಡಿನ ಒಂದು ಸಿನಿಮಾ ತಂಡ ಪ್ರತಿ ವರ್ಷ ನಮ್ಮಲ್ಲಿಗೆ ಬಂದು, ಇಲ್ಲಿಯವರು ಬರೆದ ಒಂದೇ ಒಂದು ಕಥೆಯನ್ನು ಆರಿಸಿ, ಇಲ್ಲೇ ಚಿತ್ರ ಮಾಡುತ್ತಿತ್ತು. ಮೊದಲ ಸಲ ಇವನು ಕಳಿಸಿದ ಕಥೆಯಲ್ಲಿ ಹಿಮ ಬೀಳುವ ಊರು, ಗುಂಡಿನ ಕಾಳಗ, ಹೆಲಿಕಾಪ್ಟರ್. ಎರಡನೆಯದರಲ್ಲಿ ಮಂಗಳ ಗ್ರಹ. ಎರಡೂ ವಾಪಸ್ಸು ಬಂದವು. ಈ ಸಲ ಬರೆದದ್ದು ಮಾತ್ರ ಹಡಗುಕಟ್ಟೆಯ ಕಥೆ. ಒಬ್ಬ ಹಗ್ಗ ಕಟ್ಟುವವನು, ಒಬ್ಬಳು ಬುಟ್ಟಿಯಲ್ಲಿ ಕರಿದ ಉಂಡೆ ಮಾರುವವಳು. ಅವಳು ಊರು ಬಿಟ್ಟು ಹೊರಟಿದ್ದಾಳೆ, ಹಡಗು ಹತ್ತಿದ್ದಾಳೆ, ಕ್ಯಾಪ್ಟನ್ ಕೂಗುತ್ತಿದ್ದಾನೆ, ಇವನು ಹಗ್ಗ ಬಿಚ್ಚುತ್ತಿಲ್ಲ. ಓದಿ ನಾನು ಎರಡು ಸಲ ಮೂಗೊರೆಸಿಕೊಂಡೆ. ನನಗೆ ನೆಗಡಿ ಎಂದು ಅವನಿಗೆ ಹೇಳಿದೆ.

“ಮಾವ, ಇದೂ ಆಗ್ಲಿಲ್ಲ ಅಂದ್ರೆ ನಾನಿನ್ನು ಬರೆಯಲ್ಲ,” ಅಂದ. ತಮಾಷೆಯ ಮುಖವಿರಲಿಲ್ಲ. “ಗೋಡೆ ಮೇಲಿರೋದನ್ನೆಲ್ಲ ಕಿತ್ಹಾಕ್ಬಿಡು.”

ನನಗೆ ನಿಜಕ್ಕೂ ಹೆದರಿಕೆಯಾಯಿತು. ಕಥೆ ಹೇಳದ ಲಿಸಿಯಾತೆಯನ್ನು ಅಂಗಡಿಯಲ್ಲಿಟ್ಟುಕೊಂಡು ನಾನು ಏನು ಮಾಡಲಿ?

ತಂಡದ ಮುಖ್ಯಸ್ಥೆ ಮರಿಯನ್ ಎಂಬಾಕೆ, ಬೆಳ್ಳಗಿನ, ನೇರ ಮಾತಿನ ಹೆಂಗಸು. ಆ ವರ್ಷ ಹೊಸ ಕ್ರಮ ತಂದಿದ್ದರು. ಕೊನೆಗೆ ಉಳಿದ ಮೂರು ಕಥೆಗಳನ್ನು ಶಾಲೆಯ ಸಭಾಂಗಣದಲ್ಲಿ ಊರವರ ಮುಂದೆ ಗಟ್ಟಿಯಾಗಿ ಓದಬೇಕು. “ನಾನು ಕಾಗದ ನೋಡಲ್ಲ, ಕುರ್ಚಿ ನೋಡ್ತೀನಿ,” ಅಂದರು. “ಜನ ಕೊನೇ ತನಕ ಕೂತು ಕೇಳಿದ್ರೆ ಅದೇ ಕಥೆ.”

ಇದನ್ನು ಕೇಳಿ ನಮ್ಮವನು ಕುಣಿದಾಡಿಬಿಟ್ಟ. ಸೈಕಲ್ ಹತ್ತಿ ಊರೆಲ್ಲ ಸುತ್ತಿ ಕರೆದ. ಅಮ್ಮ, ತಂಗಿ, ಚರ್ಚಿನ ಹಾಡುಗಾರರು, ಕಟ್ಟೆಯ ಕೂಲಿಗಳು, ಅವರ ಹೆಂಡಿರು, ಅಕ್ಕತಂಗಿಯರು, ಯಾರನ್ನೂ ಬಿಡಲಿಲ್ಲ. ನಾಯಕನ ಮಾತು ತಾನೇ ಓದುವುದೆಂದಾಯಿತು. ನಾಯಕಿಗೆ ವವಾಉ ದ್ವೀಪದಿಂದ ಬಂದ ಟೀಚರ್ ಲುಸಿಯಾನೆಯನ್ನು ಗೊತ್ತು ಮಾಡಿದ. ಅವಳು ಯಾವ ದಿಕ್ಕಿನಿಂದಲೂ ತಂಗಿಯಾಗುವುದಿಲ್ಲವೆಂದು ಖಾತ್ರಿಯಾಗುವ ತನಕ ಅವಳ ಅಜ್ಜಿಯಂದಿರ ಅಜ್ಜಿಯಂದಿರನ್ನೆಲ್ಲ ವಿಚಾರಿಸಿದ.

“ಬುದ್ಧಿ ನೋಡು ಮಾವ! ಓದ್ತಾ ಓದ್ತಾ ಮಧ್ಯದಲ್ಲಿ ಅಣ್ಣ ಅಂದ್ಬಿಟ್ರೆ ಕಥೆ ಕೆಟ್ಟುಹೋಗ್ತಿತ್ತು!”

“ನನ್ನ ಅಳಿಯ ಅಂದ್ರೆ ಸುಮ್ನೆ ಅಲ್ಲ,” ಅಂದೆ ನಾನು. ನಡುನಡುವೆ ಬರುವ ವಿವರಣೆಯನ್ನು ಓದುವ ಕೆಲಸ ನನ್ನ ತಲೆಗೆ ಕಟ್ಟಿದ್ದ. ಇಲ್ಲ ಅನ್ನುವ ಹಕ್ಕು ನನಗೆಲ್ಲಿದೆ?

ಶನಿವಾರ ಮಧ್ಯಾಹ್ನ ಸಭಾಂಗಣ ಕಿಕ್ಕಿರಿದಿತ್ತು. ಎಲ್ಲರೂ ನಮ್ಮ ಪದ್ಧತಿಯಂತೆ ಉಡುಪಿನ ಮೇಲೆ ಸೊಂಟಕ್ಕೆ ಒಳ್ಳೆಯ ಚಾಪೆ ಸುತ್ತಿಕೊಂಡು, ಮದುವೆಗೆ ಬಂದಂತೆ ಬಂದಿದ್ದರು. ಮೊದಲ ಕಥೆ ವೆನಿಲಾ ಬಳ್ಳಿ ಬೆಳೆಸುವ ಕ್ರಮದ ಬಗ್ಗೆ. ಎರಡನೆಯದು ಕುಡಿತ ಬಿಟ್ಟು ಉದ್ಧಾರವಾದ ಒಬ್ಬನ ಬಗ್ಗೆ. ಜನ ಬೀಸಣಿಗೆ ಬೀಸಿಕೊಳ್ಳುತ್ತ ಅಲುಗಾಡದೆ ಕೂತರು. ಮರಿಯನ್ ಕುರ್ಚಿಗಳ ಮೇಲೆ ಕಣ್ಣಾಡಿಸಿ ತಲೆದೂಗಿದರು. ನಮ್ಮ ಕಥೆಯನ್ನು ಲುಸಿಯಾನೆ ಇಂಗ್ಲಿಷಿಗೆ ಮಾಡಿಕೊಟ್ಟ ಪ್ರತಿ ಅವರ ಮಡಿಲಲ್ಲಿತ್ತು.

ಆಮೇಲೆ ನಾವು ಮೂವರು ಎದ್ದು ನಿಂತೆವು. “ಹಡಗುಕಟ್ಟೆ. ಬೆಳಗಿನ ಹೊತ್ತು,” ಎಂದು ನಾನು ಶುರು ಮಾಡಿದೆ. ಕ್ಯಾಪ್ಟನ್ನಿನ ಬೈಗುಳ ಬಂದಾಗ ಕಟ್ಟೆಯ ಕೂಲಿಗಳು ತೊಡೆ ತಟ್ಟಿಕೊಂಡು ನಕ್ಕರು. ಹಗ್ಗದವನು ಉಂಡೆ ಕೊಳ್ಳಲು ಬಂದು ಚಿಲ್ಲರೆ ಮರೆತ ಜಾಗದಲ್ಲಿ ಹೆಂಗಸರು ಓ ಎಂದರು. ಗೆದ್ದೆವು ಅಂದುಕೊಂಡೆ, ಗೆದ್ದೇಬಿಟ್ಟೆವು! ಅದೇ ಹುಮ್ಮಸ್ಸಿನಲ್ಲಿ ಮುಂದಿನ ಸಾಲನ್ನು ದೊಡ್ಡ ದನಿಯಲ್ಲಿ ಓದಿದೆ: “ಅವಳು ತಿರುಗಿ ಅವನನ್ನು ನೋಡುತ್ತಾಳೆ. ಅವನು ಅವಳ ಕೈ ಹಿಡಿಯುತ್ತಾನೆ.”

ಓದಿ ತಲೆ ಎತ್ತಿದರೆ, ಮುಂದಿನ ಸಾಲಿನಲ್ಲಿ ನನ್ನ ಅಕ್ಕ ಸೇನಿ.

ಅಯ್ಯೋ ದೇವರೇ! ಹುಡುಗಿಯ ಅಜ್ಜಿಯಂದಿರನ್ನೆಲ್ಲ ಬಗೆದು ನೋಡಿದ ನಾವು ಕೂತವರ ಕಡೆ ನೋಡಿರಲಿಲ್ಲ. ಇಡೀ ಸಭಾಂಗಣವೇ ಅಣ್ಣತಂಗಿಯರು, ಅಕ್ಕತಮ್ಮಂದಿರು! ಅಕ್ಕ ಬೀಸಣಿಗೆ ಮಡಚಿ, ನೆಲ ನೋಡಿಕೊಂಡು ಎದ್ದಳು. ಅವಳ ಹಿಂದೆ ಮೆಲೆನಾಯಿತೆ, ಕಂಕುಳಲ್ಲಿ ತನ್ನ ಕೂಸು. ಲಿಸಿಯಾತೆ ಕಾಗದದಿಂದ ಕಣ್ಣು ಕಿತ್ತರೆ ತಾನೇ? “ಈ ಕೈ ಹಗ್ಗ ಹಿಡಿದು ಒರಟಾಗಿದೆ, ಬೈಬೇಡ,” ಎಂದು ಮೈಮರೆತು ಓದುತ್ತಿದ್ದ. ಆ ಮಾತಿಗೆ ಎಡಗಡೆಯ ಒಂದು ಸಾಲು ಎದ್ದಿತು. “ಬೈಯಲ್ಲ, ಬಿಡಬೇಡ,” ಎಂದು ಲುಸಿಯಾನೆ ಓದಿದ್ದಕ್ಕೆ ಬಲಗಡೆಯ ಎರಡು ಸಾಲು. ಮಾತು ಸಿಹಿಯಾದಷ್ಟೂ ಕುರ್ಚಿ ಖಾಲಿ.

ಆಗ ಅವನು ತಲೆ ಎತ್ತಿದ. ಆ ಮುಖ ನನಗೆ ಇನ್ನೂ ಮರೆತಿಲ್ಲ.

“ನಿಲ್ಲಿಸೋಣ್ವಾ?” ಲುಸಿಯಾನೆ ಪಿಸುಗುಟ್ಟಿದಳು.

“ಬೇಡ ಟೀಚರ್. ಓದಿ,” ಅಂದ. ಖಾಲಿ ಕುರ್ಚಿಗಳ ಕಡೆ ನೋಡದೆ ತಾನೂ ಓದಿದ. ಕೊನೆಯ ಪುಟ ಬರುವ ಹೊತ್ತಿಗೆ ಒಳಗೆ ಉಳಿದಿದ್ದವರು ಮರಿಯನ್, ಅವರ ಕ್ಯಾಮೆರಾದವನು, ಮತ್ತು ಮೂಲೆಯಲ್ಲಿ ವೆನಿಲಾ ಕಥೆಯಿಂದಲೇ ಗೊರಕೆ ಹೊಡೆಯುತ್ತಿದ್ದ ಮುದುಕ ಮೊಸೆಸೆ. ನನ್ನಕ್ಕ ಹೋದ ಮೇಲೆ ನಾನಂತೂ ನಿಶ್ಚಿಂತೆಯಿಂದ ಓದಬಹುದಿತ್ತು, ಆದರೆ ಸಾಲು ತಪ್ಪಿ ತಪ್ಪಿ ಓದಿದೆ. ಹಡಗು ಕೂಗುತ್ತದೆ, ಅವಳು ಅಟ್ಟಣೆಯ ಮೇಲೆ ನಿಂತಿದ್ದಾಳೆ, ಅವನು ಗೂಟದ ಹತ್ತಿರ ಬರುತ್ತಾನೆ ಎನ್ನುವಲ್ಲಿಗೆ ಮರಿಯನ್ ಕೈ ಎತ್ತಿದರು.

“ಸಾಕು ಕಣಪ್ಪ. ನಂಗೆ ಇಷ್ಟ ಆಗಿತ್ತು, ನಿಜ ಹೇಳ್ತೀನಿ. ಆದ್ರೆ ನಿಮ್ಮ ಜನರೇ ಕೂರಲಿಲ್ಲ, ನಾನೇನು ಮಾಡ್ಲಿ?”

ಲಿಸಿಯಾತೆ ಹಾಳೆಗಳನ್ನು ಒಂದರ ಮೇಲೊಂದು ಇಡತೊಡಗಿದ. ಸಭಾಂಗಣದಲ್ಲಿ ಮೊಸೆಸೆಯ ಗೊರಕೆ ಬಿಟ್ಟು ಬೇರೆ ಸದ್ದಿಲ್ಲ. ಆಗ ಸಮುದ್ರದ ಕಡೆಯ ಕಿಟಕಿಯ ಗಾಜಿನ ಪಟ್ಟಿಗಳ ನಡುವೆ ಒಂದು ಗಂಡಸಿನ ಬಾಯಿ ಕಾಣಿಸಿತು.

“ಲೇ, ಯಾಕ್ರೋ ನಿಲ್ಸಿದ್ರಿ? ಜೋರಾಗಿ ಓದ್ರೋ! ಹಿಂದೆ ನಿಂತವ್ರಿಗೆ ಏನೂ ಕೇಳಿಸ್ತಿಲ್ಲ!”

“ಹಗ್ಗ ಬಿಚ್ಚಬೇಡ ಅನ್ನೋ ಅವ್ನಿಗೆ!” ಇನ್ನೊಂದು ದನಿ. “ಆ ಕ್ಯಾಪ್ಟನ್ ಬಾಯಿಗೆ ಬೆಂಕಿ ಹಾಕ!”

ಮರಿಯನ್ ಓಡಿಹೋಗಿ ಕಿಟಕಿ ಪೂರ್ತಿ ತೆರೆದರು. ಗೋಡೆಗೆ ಅಂಟಿಕೊಂಡು ಕೂಲಿಗಳು, ಹಾಡುಗಾರರು, ಒಬ್ಬರ ಹೆಗಲ ಮೇಲೊಬ್ಬರು ಗದ್ದ ಊರಿ ನಿಂತಿದ್ದರು. ಒಬ್ಬನೂ ಮನೆಗೆ ಹೋಗಿರಲಿಲ್ಲ! ನಾನು ಎದುರು ಗೋಡೆಯ ಕಿಟಕಿ ತೆರೆದೆ. ಮಾವಿನ ಮರದ ಕಡೆ ಹೆಂಗಸರು, ಸೆರಗಿಲ್ಲದ್ದಕ್ಕೆ ಬೀಸಣಿಗೆಯಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದವರು ಕೆಲವರು. ಗಂಡಸರೊಂದು ಬದಿ, ಹೆಂಗಸರೊಂದು ಬದಿ, ನಡುವೆ ಇಡೀ ಕಟ್ಟಡ. ಗೋಡೆ ಅಡ್ಡ ಇದ್ದರೆ ಮರ್ಯಾದೆಗೆ ಕುಂದಿಲ್ಲವೆಂದು ಅಂದು ಎಲ್ಲರೂ ಒಟ್ಟಿಗೇ ತೀರ್ಮಾನಿಸಿದ್ದರು.

“ಹಾಗಾದ್ರೆ ಇವ್ರು ಎದ್ದು ಹೋಗಿದ್ದು?” ಮರಿಯನ್ ನನ್ನ ತೋಳು ಹಿಡಿದು ಕೇಳಿದರು.

“ಅಕ್ಕತಂಗೀರ ಮುಂದೆ ಇಂಥದ್ದು ಕೇಳೋಕಾಗಲ್ಲ ತಾಯಿ, ಅದಕ್ಕೆ. ವೆನಿಲಾ ಕಥೇಲಿ ಎದ್ದು ಹೋಗೋವಂಥದ್ದು ಏನಿತ್ತು? ಕೂತ್ರು, ನಿದ್ದೆ ಮಾಡಿದ್ರು.”

ಅಷ್ಟರಲ್ಲಿ ಮಾವಿನ ಮರದ ಕಡೆಯಿಂದ ಮೆಲೆನಾಯಿತೆ ಕಿಟಕಿಯ ಪಕ್ಕದ ಗೋಡೆಗೆ ಬೆನ್ನು ಕೊಟ್ಟು, ಒಳಗೆ ಇಣುಕದೆ, ಕರೆದಳು. “ಮಾವ! ಮಾವ, ಇಲ್ಲಿರೋರಿಗೆಲ್ಲ ಗೊತ್ತಾಗ್ಬೇಕಂತೆ. ಕೊನೆಗೆ ಹಗ್ಗ ಬಿಚ್ಚಿದ್ನೋ ಇಲ್ವೋ?”

ಅವಳಿಂದ ಎರಡು ಮಾರು ದೂರದಲ್ಲಿ ಅಣ್ಣ ನಿಂತಿದ್ದ. ಅವಳು ಕೇಳಿದ್ದು ಅವನಿಗೆ ಕೇಳಿಸಿತ್ತು. ಆದರೂ ನನ್ನ ಮುಖ ನೋಡಿದ. ನಾನು ಅವನ ಕಡೆ ತಿರುಗಿ ಹೇಳಿದೆ, “ಹಗ್ಗ ಬಿಚ್ಚಿದ್ನಾ ಅಂತ ಕೇಳ್ತಿದಾರೆ.”

“ಬಿಚ್ಚಿದ ಮಾವ,” ಅಂದ ಲಿಸಿಯಾತೆ. “ಬಿಚ್ಚಿದ, ಆದ್ರೆ ಕೈಯಿಂದ ಬಿಡಲಿಲ್ಲ. ಹಡಗು ಹೊರಟಾಗ ಹಗ್ಗದ ಜೊತೆ ಅವ್ನೂ ನೀರಿಗೆ ಬಿದ್ದ. ಅವಳು ಮೇಲಿಂದ ಎಳೀತಿದಾಳೆ. ಉಂಡೆ ಬುಟ್ಟಿ ಎಲ್ಲ ಸಮುದ್ರಪಾಲು. ಇಡೀ ಹಡಗೇ ಸೇರ್ಕೊಂಡು ಎಳೀತಿದೆ!”

ಇದನ್ನು ನಾನು ಎರಡೂ ಕಿಟಕಿಗೆ ಕೂಗಿ ಹೇಳಬೇಕಾಯಿತು. ಸಮುದ್ರದ ಕಡೆ ಶಿಳ್ಳೆ, ಮರದ ಕಡೆ ಚೀರಾಟ. ಮೊಸೆಸೆ ಎಚ್ಚೆತ್ತು, ಬೆಂಕಿ ಬಿತ್ತೇನೋ ಎಂದು ಬಾಗಿಲ ಕಡೆ ಓಡಿದ. ಮರಿಯನ್ ಖಾಲಿ ಕುರ್ಚಿಗಳ ನಡುವೆ ನಿಂತು ಬಿದ್ದು ಬಿದ್ದು ನಕ್ಕರು.

“ಇದೇ! ಇದನ್ನೇ ಮಾಡೋದು! ಸೋಮವಾರ ಕಟ್ಟೆ ತೋರಿಸು ನಂಗೆ.”

ಲಿಸಿಯಾತೆ ನನ್ನನ್ನು ಎತ್ತಿ ಒಂದು ಸುತ್ತು ತಿರುಗಿಸಿಬಿಟ್ಟ. ಸೊಂಟದ ಚಾಪೆ ಬಿಚ್ಚಿ ಬೀಳುವುದೊಂದು ಬಾಕಿ. “ಇಳ್ಸೋ ಕತ್ತೆ! ಸಿನಿಮಾ ಬಂದಾಗ ಏನೋ ಮಾಡ್ತೀಯಾ? ಟಾಕೀಸಿಗೆ ಕಿಟಕಿ ಇಲ್ಲ!”

“ಗಂಡಸ್ರಿಗೊಂದು ಆಟ, ಹೆಂಗಸ್ರಿಗೊಂದು ಆಟ! ಎರಡು ಹೌಸ್‌ಫುಲ್ ಮಾವ!”

ಜನ ಚದುರುತ್ತಿದ್ದರು. ಮೆಲೆನಾಯಿತೆ ಮಾತ್ರ ಅದೇ ಗೋಡೆಗೆ ಒರಗಿ ನಿಂತೇ ಇದ್ದಳು, ಕೂಸು ಹೆಗಲ ಮೇಲೆ ಮಲಗಿತ್ತು. ನಾನು ಕಿಟಕಿಯ ಹತ್ತಿರ ಹೋದೆ.

“ಮಾವ,” ಅಂದಳು ಮೆಲ್ಲಗೆ. “ಅವ್ನಿಗೆ ಹೇಳು, ತುಂಬಾ ಚೆನ್ನಾಗಿದೆ ಅಂತ. ನಾನು ಅಂದೆ ಅಂತಾನೇ ಹೇಳು.”

ತಿರುಗಿ ನೋಡಿದರೆ ಲಿಸಿಯಾತೆ ನನ್ನ ಬೆನ್ನ ಹಿಂದೆಯೇ ನಿಂತಿದ್ದ. ಎಲ್ಲ ಕೇಳಿಸಿಕೊಂಡಿದ್ದ, ಕಣ್ಣು ತುಂಬಿತ್ತು. ಆದರೂ ತುಟಿ ಬಿಚ್ಚದೆ, ನಾನು ಹೇಳಲಿ ಎಂದು ಕಾಯುತ್ತಿದ್ದ.

“ನಿನ್ನ ತಂಗಿಗೆ ತುಂಬಾ ಚೆನ್ನಾಗಿದೆ ಅನ್ನಿಸ್ತಂತೆ ಕಣೋ,” ಅಂದೆ.